ಬೆಂಕಿಕಡ್ಡಿ ದಪ್ಪದ ನೀರು

ಗಣಿಗಾರರ ಬೀದಿಯ ಏಳನೇ ನಂಬರಿನ, ಎಂಟು ಮನೆಗಳಿದ್ದ ಎರಡು ಮಹಡಿಯ ಮರದ ಕಟ್ಟಡದ ಕೊಳಚೆ ಪೈಪು ಆ ಚಳಿಗಾಲದಲ್ಲಿ ಮೂರನೇ ಸಲ ಕಟ್ಟಿಕೊಂಡಿತ್ತು. ಶುಕ್ರವಾರ ಬೆಳಿಗ್ಗೆ ಕೆಳಮಹಡಿಯ ಶೌಚದಲ್ಲಿ ಇಳಿಯಬೇಕಾದ ನೀರು ಮೇಲಕ್ಕೆ ಬಂದಾಗ ಯಾರೂ ಗಾಬರಿಪಡಲಿಲ್ಲ. ಬಕೆಟ್ಟು, ಹಳೆ ಬಟ್ಟೆ ಹಿಡಿದು ನಿಂತುಕೊಂಡೇ ವಸತಿ ಕಚೇರಿಗೆ ಫೋನ್ ಮಾಡಿದರು. ಹೊರಗೆ ಮೈನಸ್ ನಲವತ್ತೇಳು ಡಿಗ್ರಿ. ಉತ್ತರದ ಆ ಖಾರಾ-ತಾಸ್ ಊರಿನಲ್ಲಿ ಜನವರಿ ಎಂದರೆ ಅಷ್ಟೇ, ಅದರಲ್ಲಿ ಸುದ್ದಿಯೇನೂ ಇರಲಿಲ್ಲ.

ಪ್ರೊಕೋಪಿ ಸ್ಲೆಪ್ತ್ಸೋವ್ ಬಂದಾಗ ಹತ್ತು ಗಂಟೆ. ಊರಿನ ಪೈಪುಗಳನ್ನೆಲ್ಲ ನೋಡಿಕೊಳ್ಳುವ ತಂಡಕ್ಕೆ ಅವನು ಮುಖ್ಯಸ್ಥ. ತಂಡ ಎಂದರೆ ಈಗ ಇಬ್ಬರು, ಅವನು ಮತ್ತು ಕಟ್ಟಿಕೊಂಡ ಪೈಪುಗಳಿಗೆ ಬಿಸಿ ಹಬೆ ಬಿಡುವ ಲಾರಿಯ ಚಾಲಕ ರಿನಾತ್. ಗಣಿ ನಡೆಯುತ್ತಿದ್ದ ಕಾಲದಲ್ಲಿ ಹದಿನಾಲ್ಕು ಜನರಿದ್ದರು.

ಮನೆಯ ಹಿಂಬದಿಯಿಂದ ಮುಖ್ಯ ಕೊಳವೆಯ ಮ್ಯಾನ್‌ಹೋಲ್‌ವರೆಗೆ ಮರದ ಉದ್ದನೆಯ ಪೆಟ್ಟಿಗೆಯೊಂದು ನೆಲದ ಮೇಲೆಯೇ ಮಲಗಿತ್ತು. ಅದರೊಳಗೆ ಕೊಳಚೆ ಪೈಪು, ಪಕ್ಕದಲ್ಲೇ ಬಿಸಿನೀರಿನ ಸಣ್ಣ ಪೈಪು, ಸುತ್ತ ಮರದ ಹೊಟ್ಟು. ಪ್ರೊಕೋಪಿ ಸನಿಕೆಯಿಂದ ಹಿಮ ಸರಿಸಿ, ಅಲ್ಲಲ್ಲಿ ಹಲಗೆ ಎಬ್ಬಿಸಿ, ಸುತ್ತಿಗೆಯಿಂದ ಪೈಪನ್ನು ತಟ್ಟುತ್ತಾ ಕೆಳಗಿನಿಂದ ಮೇಲಕ್ಕೆ ನಡೆದ. ಟಣ್. ಟಣ್. ಓಣಿ ದಾಟುವ ತಿರುವಿನಲ್ಲಿ ದಬ್ ಎಂದಿತು.

"ಅದೇ ಜಾಗಾನಾ?" ರಿನಾತ್ ಲಾರಿಯ ಕಿಟಕಿಯಿಂದ ಕೂಗಿದ.

"ಅದೇ ಜಾಗ."

"ಹಂಗಾದ್ರೆ ಇಲ್ಲೇ ಒಂದು ಗುಡಾರ ಹಾಕ್ಕೊಂಡು ಇದ್ಬಿಡೋಣ ಕಣೋ. ಹೋಗಿ ಬರೋ ಡೀಸೆಲ್ ಆದ್ರೂ ಉಳಿಯುತ್ತೆ."

ಅಷ್ಟರಲ್ಲಿ ತಮಾರಾ ಲ್ವೋವ್ನಾ ನಡೆದು ಬಂದಳು. ವಸತಿ ಕಚೇರಿಯ ಮುಖ್ಯಸ್ಥೆ, ಪ್ರೊಕೋಪಿಗಿಂತ ಹತ್ತು ವರ್ಷ ಚಿಕ್ಕವಳು. ಮೂಗಿನ ಮೇಲಕ್ಕೆ ಸುತ್ತಿದ್ದ ಶಾಲಿನ ಅಂಚಿನಲ್ಲಿ, ರೆಪ್ಪೆಗಳಲ್ಲಿ ಉಸಿರು ಬೆಳ್ಳಗೆ ಕಟ್ಟಿತ್ತು. ಆಕೆ ಕೂಗಾಡುವವಳಲ್ಲ. ಕೂಗಾಡಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

"ಎಂಟು ಮನೆ, ಅದ್ರಲ್ಲಿ ಐದು ಖಾಲಿ," ಎಂದಳು. "ಮೂರು ಮನೆಗೋಸ್ಕರ ನಮ್ಮ ಲಾರಿ ಇಲ್ಲಿ ನಿಂತಿದೆ. ಊರಿಗಿರೋದು ಇದೊಂದೇ ಲಾರಿ, ಪ್ರೊಕೋಪಿ. ಈಗ ಆಸ್ಪತ್ರೆ ಪೈಪ್ ಕಟ್ಕೊಂಡ್ರೆ ನಾನೇನ್ ಮಾಡ್ಲಿ?"

"ಎರಡು ಗಂಟೆ ಕೊಡಿ, ಬಿಡಿಸ್ತೀನಿ."

"ಬಿಡಿಸ್ತೀಯ, ಗೊತ್ತು. ಹೋದ ಸಲಾನೂ ಬಿಡಿಸ್ದೆ, ಅದರ ಹಿಂದಿನ ಸಲಾನೂ ಬಿಡಿಸ್ದೆ. ಯಾಕೆ ಕಟ್ಕೊಳ್ತಿದೆ ಅನ್ನೋದನ್ನ ಹೇಳು. ಕಾರಣ ಸಿಕ್ರೆ ಸೋಮವಾರ ಬಂದು ಹೇಳು, ಮನೆ ಇರ್ಲಿ. ಸಿಗ್ಲಿಲ್ಲ ಅಂದ್ರೆ ಸೋಮವಾರಾನೇ ನೀರು, ಮನೆ ಬೆಚ್ಚಗಿಡೋ ಬಿಸಿ ಎರಡೂ ನಿಲ್ಲಿಸಿ ಮೂರು ಮನೆಯವ್ರನ್ನೂ ಕಲ್ಲುಮನೆಗೆ ಕರ್ಕೊಂಡು ಬರ್ತೀನಿ. ಅಲ್ಲಿ ಜಾಗಕ್ಕೇನೂ ಕೊರತೆ ಇಲ್ಲ."

ಕಲ್ಲುಮನೆ ಎಂದರೆ ಶಾಲೆಯ ಪಕ್ಕದ ಐದು ಮಹಡಿಯ ಕಟ್ಟಡ. ಪ್ರೊಕೋಪಿ ಇರುವುದೂ ಅಲ್ಲೇ. ಅಲ್ಲಿ ಕೊರತೆ ಏನೂ ಇಲ್ಲ ಎನ್ನುವುದು ನಿಜ. ತಮಾರಾ ಲ್ವೋವ್ನಾ ಹೇಳಿದ್ದರಲ್ಲಿ ಒಂದು ಮಾತನ್ನೂ ತಪ್ಪು ಎನ್ನುವ ಹಾಗಿರಲಿಲ್ಲ. ಆದರೆ ಅವನು ಹುಟ್ಟಿ ಬೆಳೆದದ್ದು ಈ ಏಳನೇ ನಂಬರಿನಲ್ಲಿ, ಮೇಲ್ಮಹಡಿಯ ಆರನೇ ಮನೆಯಲ್ಲಿ. ಅದೂ ಈಗ ಖಾಲಿಯಿದ್ದ ಐದರಲ್ಲಿ ಒಂದು.

ಆಕೆ ಹೋದ ಮೇಲೆ ರಿನಾತ್ ಹಬೆಯ ಹೋಸನ್ನು ಎಳೆದು ತಂದ. "ಮೇಲಿಂದ ಬಿಡೋಣ್ವಾ? ತಿರುವು ಮೇಲ್ಗಡೆಗೇ ಹತ್ರ ಇದೆ."

"ಬೇಡ. ಕೆಳಗಿಂದ."

"ಗೊತ್ತು ಬಿಡು. ಗಾವ್ರಿಲ್ ಚಿಕ್ಕಪ್ಪ ಹೇಳಿದ್ದಾರೆ."

ಗಾವ್ರಿಲ್ ನಿಜವಾಗಿಯೂ ಹೇಳಿದ್ದ. ಪ್ರೊಕೋಪಿಗೆ ಕೆಲಸ ಕಲಿಸಿದವನೇ ಅವನು, ಇದೇ ಕಟ್ಟಡದ ಮೂರನೇ ಮನೆಯಲ್ಲಿ ವಾಸವಾಗಿದ್ದವನು. 'ಮೇಲಿಂದ ಬಂದ್ರೆ ನೀನು ಕರಗಿಸಿದ ನೀರಿಗೆ ದಾರಿ ಇರಲ್ಲ, ನಿನ್ನ ಮುಂದೇನೇ ಮತ್ತೆ ಕಟ್ಕೊಳ್ಳುತ್ತೆ. ಕೆಳಗಿಂದ ಹೋಗು. ಕರಗಿದ್ದೆಲ್ಲ ನಿನ್ನ ಕಾಲ ಕೆಳಗೆ ಹರ್ಕೊಂಡು ಹೋಗ್ಲಿ.' ಅವನು ತೀರಿಕೊಂಡು ಒಂಬತ್ತು ವರ್ಷವಾಗಿದ್ದರೂ ಪೈಪಿನ ಮುಂದೆ ಮಂಡಿಯೂರಿದಾಗಲೆಲ್ಲ ಆ ದನಿ ಪ್ರೊಕೋಪಿಯ ಕಿವಿಯ ಹಿಂದೆಯೇ ಇರುತ್ತಿತ್ತು.

ಹಬೆ ಬಿಟ್ಟೊಡನೆ ಮ್ಯಾನ್‌ಹೋಲ್‌ನಿಂದ ಬಿಳಿಯ ಮೋಡವೊಂದು ಎದ್ದು ಅಂಗಳವನ್ನೆಲ್ಲ ನುಂಗಿತು. ಲಾರಿ ಕಾಣಲಿಲ್ಲ, ಮನೆ ಕಾಣಲಿಲ್ಲ. ಪ್ರೊಕೋಪಿ ಹೋಸನ್ನು ಒಂದೊಂದೇ ಗೇಣು ಒಳಗೆ ತಳ್ಳುತ್ತಾ ಕಣ್ಣು ಮುಚ್ಚಿಕೊಂಡ. ಆ ವಾಸನೆ, ಕಾದ ಕಬ್ಬಿಣ, ಒದ್ದೆ ಮರದ ಹೊಟ್ಟು, ಕೊಳಚೆ ಎಲ್ಲ ಕೂಡಿದ ಆ ವಾಸನೆಯನ್ನು ಯಾರಾದರೂ ಇಷ್ಟಪಡುತ್ತಾರೆಂದರೆ ನಂಬುವುದು ಕಷ್ಟ. ಅವನಿಗೆ ಮಾತ್ರ ಅದು ಬಾಲ್ಯದ ವಾಸನೆ.

ಆಗ ಹಬೆ ಬಂತೆಂದರೆ ಮಕ್ಕಳಿಗೆ ಹಬ್ಬ. ಎಂಟೂ ಮನೆಗಳ ಮಕ್ಕಳು ಹೊರಗೆ ಓಡಿ ಬಂದು ಆ ಮೋಡದೊಳಗೆ ಕಣ್ಣಾಮುಚ್ಚಾಲೆ ಆಡುತ್ತಿದ್ದರು. ಹೊರಗೆ ಬಂದ ಐದು ನಿಮಿಷಕ್ಕೆ ಒದ್ದೆಯಾದ ಕೋಟು ಹಲಗೆಯಂತೆ ಸೆಟೆದುಕೊಳ್ಳುತ್ತಿತ್ತು. ಕೈ ಮಡಿಸಲಾಗದೆ ಗೊಂಬೆಗಳ ಹಾಗೆ ನಡೆದು ಮನೆಗೆ ಹೋಗಿ ಅಮ್ಮಂದಿರಿಂದ ಬೈಸಿಕೊಳ್ಳುತ್ತಿದ್ದರು. ರಾತ್ರಿ ಪಾಳಿ ಮುಗಿಸಿ ಬಂದ ಗಂಡಸರು ಮಲಗುವುದು ಬಿಟ್ಟು, ಉಣ್ಣೆಯ ಬೂಟು ಮೆಟ್ಟಿಕೊಂಡು ಹೋಸು ಹಿಡಿಯಲು ಇಳಿಯುತ್ತಿದ್ದರು. ಹೆಂಗಸರು ಗಾಜಿನ ಜಾಡಿಯಲ್ಲಿ ಹಾಲು ಹಾಕಿದ ಚಹಾ ತುಂಬಿ, ಕಾಲುಚೀಲದಲ್ಲಿ ಸುತ್ತಿ ತರುತ್ತಿದ್ದರು. ಗಾವ್ರಿಲ್ ಮಾತ್ರ ಯಾರ ಸಹಾಯವೂ ಬೇಡ ಎನ್ನುವವನಂತೆ ಎಲ್ಲರನ್ನೂ ಬೈಯುತ್ತಾ, ಎಲ್ಲರ ಚಹಾವನ್ನೂ ಕುಡಿಯುತ್ತಿದ್ದ. ಹಾಗೆ ನೋಡಿದರೆ ಈ ಮನೆಯ ಪೈಪು ಆಗ ಕಟ್ಟಿಕೊಂಡದ್ದೇ ಅಪರೂಪ. ನಾಲ್ಕೈದು ವರ್ಷಕ್ಕೊಮ್ಮೆ, ಬಾಯ್ಲರು ಕೈಕೊಟ್ಟಾಗ.

ಮುಕ್ಕಾಲು ಗಂಟೆ ಕಳೆದಿರಬೇಕು. ಲಾರಿಯ ಪಂಪು ಗೊರಗುಟ್ಟಿ ನಿಂತಿತು.

"ಟ್ಯಾಂಕಿನಲ್ಲಿ ನೀರು ಮುಗೀತು!" ರಿನಾತ್ ಕೂಗಿದ. "ಹೋಗಿ ತುಂಬಿಸ್ಕೊಂಡು ಬರ್ಬೇಕು."

ಪ್ರೊಕೋಪಿ ಉತ್ತರಿಸುವ ಮೊದಲೇ ಪೈಪಿನೊಳಗೆ ಏನೋ ಕೆಮ್ಮಿದಂತಾಯಿತು. ಅಂಚು ಕರಗಿ ಸಡಿಲವಾಗಿದ್ದ ಮಂಜುಗಡ್ಡೆಯನ್ನು ಹಿಂದಿನ ನೀರು ತನ್ನ ಭಾರದಿಂದಲೇ ದೂಡಿತು. ಹೋಸು ಹಿಂದಕ್ಕೆ ಹಾರಿತು, ಅದರ ಹಿಂದೆಯೇ ಗಡ್ಡೆಗಳು ದಡದಡನೆ ಮ್ಯಾನ್‌ಹೋಲ್‌ಗೆ ಬಿದ್ದವು, ಅವುಗಳ ಹಿಂದೆ ಮೂರು ಮನೆಗಳ ಕೊಳಚೆ. ಮೊದಲ ಎರಡು ಸಲ ಗಡ್ಡೆ ಪೂರ್ತಿ ಕರಗಿ ನೀರಾಗಿ ಹೋಗಿತ್ತು. ಈ ಸಲ ತುಂಡುಗಳು ಹಾಗೇ ಸಿಕ್ಕಿದವು.

ರಿನಾತ್ ಕೊಕ್ಕೆಯಿಂದ ಒಂದನ್ನು ಮೇಲೆತ್ತಿ ಹಿಮದ ಮೇಲೆ ಉರುಳಿಸಿದ. ಹೊರಗಿನ ಹೊಲಸು ಹಿಮಕ್ಕೆ ಒರೆಸಿಕೊಂಡು ಹೋಯಿತು. ಒಳಗೆ ಗಾಜಿನಂಥ ತಿಳಿ ಗಡ್ಡೆ.

"ಏನ್ ಮಾರಾಯ ಇದು! ಇಷ್ಟು ಮಡಿ ಇರೋ ಕೊಳಚೆ ನಾನು ಹುಟ್ಟಿದಾರಭ್ಯ ನೋಡಿಲ್ಲ. ಚಹಾಕ್ಕೆ ಇಟ್ಕೋಬಹುದು."

ಪ್ರೊಕೋಪಿ ಮಂಡಿಯೂರಿ ನೋಡಿದ. ಕತ್ತರಿಸಿದ ಈರುಳ್ಳಿಯ ಹಾಗೆ ಪದರ ಪದರವಾಗಿತ್ತು. ಅಲ್ಲೊಂದು ಇಲ್ಲೊಂದು ಕಂದು ಗೆರೆ, ಯಾರೋ ಪಾತ್ರೆ ತೊಳೆದದ್ದು. ಉಳಿದದ್ದೆಲ್ಲ ತಿಳಿ. ಸ್ನಾನದ ನೀರು, ಬಟ್ಟೆಯ ನೀರು ಹೀಗೆ ಕಟ್ಟುವುದಿಲ್ಲ. ಅದು ಒಮ್ಮೆಗೇ ಬಿಸಿಯಾಗಿ ಬಂದು ಓಡಿಹೋಗುತ್ತದೆ. ಇದು ಹಗಲೂ ರಾತ್ರಿ ಎಳೆಯಷ್ಟೇ ಹರಿದ ತಣ್ಣೀರು, ಮೇಣದಬತ್ತಿ ಅದ್ದಿ ಅದ್ದಿ ದಪ್ಪ ಮಾಡುವ ಹಾಗೆ ಒಂದರ ಮೇಲೊಂದು ಕಟ್ಟಿದ್ದು.

"ಎಲ್ಲೋ ನಲ್ಲಿ ಬಿಟ್ಟಿದ್ದಾರೆ," ಎಂದ.

"ಎಲ್ಲೋ ಅಲ್ಲ, ಸುಮಾರು ಕಡೆ ಬಿಟ್ಟಿದ್ದಾರೆ. ಒಂದೇ ನಲ್ಲೀಲಿ ಇಷ್ಟು ದಪ್ಪ ಕಟ್ಟಲ್ಲ. ಖಾಲಿ ಮನೆಗಳ ನಲ್ಲಿ ನೀನೇ ಅಲ್ವಾ ಮುಚ್ಚಿದ್ದು?"

"ಐದೂ ನಾನೇ ಮುಚ್ಚಿದ್ದು. ಅಕ್ಟೋಬರ್‌ನಲ್ಲಿ."

"ಹಂಗಾದ್ರೆ ದೆವ್ವ ಇರ್ಬೇಕು. ಹೋಗಿ ಮಾತಾಡ್ಸ್ಕೊಂಡು ಬಾ, ನಾನು ನೀರು ತುಂಬಿಸ್ಕೊಂಡು ಬರ್ತೀನಿ."

ಕೆಳಮಹಡಿಯ ಒಂದನೇ ಮನೆಯಲ್ಲಿ ಊರಿನ ಬಾಯ್ಲರಿನಲ್ಲಿ ಕೆಲಸ ಮಾಡುವ ಕುಪ್ರಿಯಾನ್, ಅವನ ಹೆಂಡತಿ. ಎರಡರಲ್ಲಿ ಬೇಕರಿಯಲ್ಲಿ ದುಡಿಯುವ ತುಯಾರಾ, ಅವಳ ಇಬ್ಬರು ಮಕ್ಕಳು. ಎರಡೂ ಮನೆಯಲ್ಲಿ ನಲ್ಲಿಗಳು ಬಿಗಿಯಾಗಿದ್ದವು. ಮೂರನೆಯದು ಅಕುಲಿನಾಳದು, ಗಾವ್ರಿಲ್‌ನ ಹೆಂಡತಿ. ಎಪ್ಪತ್ತೆಂಟು ವರ್ಷದ ಆಕೆ ಬಾಗಿಲು ತೆಗೆದು, ಅವನ ಬೂಟಿನ ಕಡೆ ಒಮ್ಮೆ ನೋಡಿ, ಮೂಗು ಹಿಡಿದುಕೊಂಡಳು.

"ಪ್ರೊಷ್ಕಾ, ಬೂಟು ಅಲ್ಲೇ ಬಿಡು. ಕೋಟೂ ಅಲ್ಲೇ. ಮನುಷ್ಯ ಮಾತ್ರ ಒಳಗೆ ಬಾ." ಪ್ರೊಕೋಪಿ ಚಿಕ್ಕಂದಿನಿಂದಲೂ ಆಕೆಗೆ ಪ್ರೊಷ್ಕಾ.

ಮೇಜಿನ ಮೇಲೆ ಲೆಪ್ಯೋಷ್ಕಾ ರೊಟ್ಟಿ, ಲಿಂಗೊನ್‌ಬೆರಿ ಎಂಬ ಕಾಡುಹಣ್ಣಿನ ಜಾಮು, ಹಾಲು ಬೆರೆಸಿದ ಚಹಾ ಆಗಲೇ ಇತ್ತು. ಹಬೆ ಬಂದ ದಿನ ಚಹಾ ಇಡುವುದನ್ನು ಆಕೆ ಬಿಟ್ಟಿರಲಿಲ್ಲ. ಒಲೆಯ ಪಕ್ಕದ ಹಲಗೆಯಲ್ಲಿ ಐದು ಮೊಳೆಗಳು, ಐದರಲ್ಲೂ ಕೀಲಿಕೈ. ದಕ್ಷಿಣಕ್ಕೆ ಹೊರಟವರು ಮೊದಲಿನಿಂದಲೂ ಪಕ್ಕದ ಮನೆಗೆ ಕೀಲಿಕೈ ಕೊಟ್ಟು ಹೋಗುವವರೇ. ರಜೆಗೆ ಹೋದಾಗ ಹೂಕುಂಡಕ್ಕೆ ನೀರು ಹಾಕಲೆಂದು ಕೊಡುತ್ತಿದ್ದರು. ಗಣಿ ಮುಚ್ಚಿದ ಮೇಲೆ ಹೊರಟವರೂ ಅದೇ ರೂಢಿಯಲ್ಲಿ ಕೊಟ್ಟರು, ಮರಳಿ ಕೇಳಲಿಲ್ಲ.

ಪ್ರೊಕೋಪಿ ಚಹಾ ಗುಟುಕರಿಸಿ, ಆ ಮೊಳೆಗಳನ್ನೇ ನೋಡುತ್ತಾ ಕೇಳಿದ. "ಚಿಕ್ಕಮ್ಮ, ಖಾಲಿ ಮನೆಗಳಲ್ಲಿ ನಲ್ಲಿ ಬಿಟ್ಟಿದ್ದೀಯಾ?"

"ಬಿಟ್ಟಿದ್ದೀನಿ." ಅದರಲ್ಲೇನು ವಿಶೇಷ ಎನ್ನುವ ದನಿ. "ಐದಕ್ಕೂ ಬಿಟ್ಟಿದ್ದೀನಿ. ಅಕ್ಟೋಬರ್‌ನಲ್ಲಿ ನೀನು ಬಂದು ವಾಲ್ವ್ ತಿರುಗಿಸಿ ಹೋದ್ಯಲ್ಲ, ಸಾಯಂಕಾಲ ನಾನು ಹೋಗಿ ತೆಗೆದೆ. ಚಳಿ ಶುರುವಾದ್ಮೇಲೆ ನಲ್ಲಿ ಮುಚ್ಚಿಡೋದುಂಟಾ? ನಿನಗೆ ನಮ್ಮನೆಯವರು ಹೇಳ್ಕೊಡ್ಲಿಲ್ವಾ?"

"ಹೇಳ್ಕೊಟ್ಟಿದ್ದಾರೆ."

"ಎಷ್ಟು ದಪ್ಪ ಬಿಡ್ಬೇಕು?"

"ಬೆಂಕಿಕಡ್ಡಿ ದಪ್ಪ," ಎಂದ ಪ್ರೊಕೋಪಿ, ಶಾಲೆಯ ಹುಡುಗನ ಹಾಗೆ.

"ಹಾಂ. ಬಾ, ತೋರಿಸ್ತೀನಿ. ಕಡ್ಡಿ ಇಟ್ಟು ಅಳತೆ ಮಾಡಿ ಬಿಟ್ಟಿದ್ದೀನಿ. ಒಂದ್ರಲ್ಲಾದ್ರೂ ಹೆಚ್ಚು ಕಮ್ಮಿ ಇದ್ರೆ ಕೇಳು."

ಆಕೆ ಮುಂದೆ, ಅವನು ಹಿಂದೆ. ಎದುರಿನ ನಾಲ್ಕನೇ ಮನೆ, ಆಮೇಲೆ ಮೆಟ್ಟಿಲು ಹತ್ತಿ ಐದು, ಏಳು, ಎಂಟು. ಪ್ರತಿ ಮನೆಯ ಅಡುಗೆಕೋಣೆಯಲ್ಲೂ ಸಿಂಕಿನ ತೂತಿಗೆ ನೇರವಾಗಿ ಒಂದು ನೀರಿನ ಎಳೆ, ಸದ್ದಿಲ್ಲದೆ. ನೆಲ ಗುಡಿಸಿತ್ತು. ಕಿಟಕಿಯ ಎರಡು ಗಾಜುಗಳ ನಡುವೆ ಗಾಳಿ ನುಸುಳದಂತೆ ಹೊಸ ಹತ್ತಿ ಇಟ್ಟಿತ್ತು, ಹತ್ತಿಯ ಮೇಲೆ ಅಲಂಕಾರಕ್ಕೆ ಕೆಂಪು ಕಾಡುಹಣ್ಣು. ಅದನ್ನೆಲ್ಲ ಪ್ರತಿ ಶರತ್ಕಾಲದಲ್ಲೂ ಮನೆಯೊಡತಿಯರು ಮಾಡುತ್ತಿದ್ದರು. ಈಗ ಐದು ಮನೆಗೂ ಒಬ್ಬಳೇ ಮಾಡಿದ್ದಳು.

ಕೊನೆಗೆ ಆರನೆಯದು. ಕೀಲಿಕೈಯನ್ನು ಆಕೆ ಅವನ ಕೈಗೆ ಕೊಟ್ಟಳು.

ಅವನ ತಾಯಿ ಏಳು ವರ್ಷದ ಕೆಳಗೆ ಮಗಳ ಜೊತೆ ದಕ್ಷಿಣಕ್ಕೆ ಹೋಗಿ, ಅಲ್ಲೇ ತೀರಿಕೊಂಡಿದ್ದಳು. ಅಕ್ಟೋಬರ್‌ನಲ್ಲಿ ನಲ್ಲಿ ಮುಚ್ಚಲು ಬಂದಾಗ ಅವನು ದೀಪ ಹಾಕದೆ, ಎಡಬಲ ನೋಡದೆ, ವಾಲ್ವ್ ತಿರುಗಿಸಿ ಹೊರಟುಹೋಗಿದ್ದ. ಈಗ ಹಗಲು. ದಿಗಂತಕ್ಕೆ ಅಂಟಿಕೊಂಡ ಸೂರ್ಯನ ಬೆಳಕು ಅಡುಗೆಕೋಣೆಯ ಗೋಡೆಗೆ ಅಡ್ಡಲಾಗಿ ಬಿದ್ದಿತ್ತು. ಸಿಂಕಿನ ಅಂಚಿನಲ್ಲಿ ಅವನು ಗಾವ್ರಿಲ್‌ನ ರೆಂಚು ಬೀಳಿಸಿದಾಗ ಎದ್ದ ಚಕ್ಕೆಯ ಗುರುತು ಹಾಗೇ ಇತ್ತು. ನೀರಿನ ಎಳೆ ಆ ಗುರುತಿನ ಪಕ್ಕದಲ್ಲೇ ಇಳಿಯುತ್ತಿತ್ತು. ಯಾರೋ ಈಗಷ್ಟೇ ಪಾತ್ರೆ ತೊಳೆದು, ನಲ್ಲಿ ಸರಿಯಾಗಿ ಮುಚ್ಚದೆ ಪಕ್ಕದ ಕೋಣೆಗೆ ಹೋದ ಹಾಗೆ.

ಅಲ್ಲೇ ಮೂಲೆಯಲ್ಲಿ ಕೊಳಚೆ ಇಳಿಯುವ ಬೀಡುಕಬ್ಬಿಣದ ದಪ್ಪ ಕೊಳವೆ, ಮೇಲಿನಿಂದ ಕೆಳಕ್ಕೆ. ಶನಿವಾರ ಸಂಜೆ ಎಂಟೂ ಮನೆಯವರು ಸ್ನಾನ ಮಾಡುತ್ತಿದ್ದ ಕಾಲದಲ್ಲಿ ಆ ಕೊಳವೆ ಗಂಟೆಗಟ್ಟಲೆ ಮಾತಾಡುತ್ತಿತ್ತು. ಅಮ್ಮ ಹಿಟ್ಟು ನಾದುತ್ತಾ ಸದ್ದು ಕೇಳಿಯೇ ಹೇಳುತ್ತಿದ್ದಳು, "ಈಗ ಖಾರ್ಚೆಂಕೊ ಮನೇದು. ಐದು ಹುಡುಗ್ರ ಕೊಳೆ, ಕೇಳು ಹೆಂಗೆ ಉರುಳ್ತಿದೆ." ಕೊಳವೆ ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಪ್ರೊಕೋಪಿ ಈಗ ಮುಟ್ಟಿ ನೋಡಿದ. ಬೆರಳು ಜುಮ್ಮೆನ್ನುವಷ್ಟು ತಣ್ಣಗಿತ್ತು.

"ಚಿಕ್ಕಮ್ಮ," ಎಂದ. "ಪೈಪ್ ಕಟ್ಕೊಂಡಿದ್ದು ಈ ನೀರಿಂದ."

ಅಕುಲಿನಾ ನಕ್ಕಳು. "ಹುಚ್ಚಪ್ಪ. ಕಟ್ಕೋಬಾರ್ದು ಅಂತ ತಾನೇ ಬಿಡೋದು."

"ಬರೋ ಪೈಪ್ ಕಟ್ಕೊಳ್ಳಲ್ಲ. ಹೋಗೋ ಪೈಪ್ ಕಟ್ಕೊಳ್ಳುತ್ತೆ. ಐದು ಎಳೆ ತಣ್ಣೀರು ಹಗಲೂ ರಾತ್ರಿ ಪೆಟ್ಟಿಗೇಲಿ ಹೋಗ್ತಾ ಇದೆ. ತಿರುವಿನ ಹತ್ರ ಹೋಗೋಷ್ಟೊತ್ತಿಗೆ ಗಡ್ಡೆ. ಈಗ್ತಾನೆ ನೋಡಿ ಬಂದೆ, ಗಾಜಿನ ಹಂಗಿದೆ."

"ಹಂಗಾದ್ರೆ ಅವರು ಹೇಳಿದ್ದು ಸುಳ್ಳಾ?" ನಗು ಹೋಗಿತ್ತು. "ಮೂವತ್ತು ವರ್ಷ ಊರಿಗೆಲ್ಲ ಹೇಳಿದ್ರಲ್ಲ? ಮನೆ ಮನೆಗೆ ಹೋಗಿ ಕಡ್ಡಿ ಹಿಡಿದು ತೋರಿಸಿದ್ರಲ್ಲ?"

"ಸುಳ್ಳಲ್ಲ. ಅವಾಗ ಇಲ್ಲಿ ಮೂವತ್ನಾಕು ಜನ ಇದ್ವಿ. ಯಾರಾದ್ರೂ ಒಬ್ರು ಬಿಸಿನೀರು ಚೆಲ್ತಾನೇ ಇದ್ರು. ಈ ಎಳೆ ಅದ್ರ ಜೊತೆ ಸೇರ್ಕೊಂಡು ಹೋಗ್ಬಿಡ್ತಿತ್ತು. ಈಗ ಅದಕ್ಕೆ ಜೊತೆ ಇಲ್ಲ, ಚಿಕ್ಕಮ್ಮ. ಒಂದೇ ಹೋಗ್ಬೇಕು."

ಆಕೆ ಸಿಂಕಿನ ಅಂಚಿಗೆ ಒರಗಿ ನಿಂತಳು.

"ಐದನೇ ನಂಬರಿನ ಮನೆ ನೆನಪಿದೆಯಾ, ಈ ಬೀದೀದೇ?" ಎಂದಳು ಆಮೇಲೆ. "ಮೊದ್ಲು ಖಾಲಿ ಮನೆಗಳ ನೀರು ನಿಲ್ಸಿದ್ರು. ಮುಂದಿನ ವರ್ಷ ಬಿಸಿ ನಿಲ್ಸಿದ್ರು. ಅದ್ರ ಮುಂದಿನ ಬೇಸಿಗೇಲಿ ಕಿಟಕಿಗೆ ಹಲಗೆ ಹೊಡೆದ್ರು. ಈಗ ಅಲ್ಲಿ ಏನಿದೆ? ಸೌದೆ ಕೂಡ ಉಳಿದಿಲ್ಲ. ಖಾರ್ಚೆಂಕೊ ಹೆಂಡ್ತಿ ಹೋಗೋವಾಗ ಹೇಳಿದ್ಲು, ಅಕುಲಿನಾ, ನನ್ನ ಮನೇನ ಜೀವಂತ ಇಟ್ಟಿರು ಅಂತ. ನಿಮ್ಮಮ್ಮನೂ ಹೇಳಿದ್ಲು. ಅವಳು ಬರಲ್ಲ, ಗೊತ್ತು. ಆದ್ರೂ ಹೇಳಿದ್ಲಲ್ಲ."

ಪ್ರೊಕೋಪಿ ಸೋಮವಾರದ ಮಾತು ತಿಳಿಸಿದ. ಮರೆಮಾಚಲು ಏನೂ ಇರಲಿಲ್ಲ. ಐದು ನಲ್ಲಿ ಹರಿಯುತ್ತಿದ್ದರೆ ಮೂರು ಮನೆಯೂ ಉಳಿಯುವುದಿಲ್ಲ. ಕುಪ್ರಿಯಾನ್, ತುಯಾರಾ, ಅವಳ ಮಕ್ಕಳು, ಅಕುಲಿನಾ, ಎಲ್ಲರೂ ಕಲ್ಲುಮನೆಗೆ. ನಲ್ಲಿ ಮುಚ್ಚಿದರೆ ಬಹುಶಃ ಉಳಿಯುತ್ತದೆ.

"ಬಹುಶಃ?"

"ಮೂರು ಮನೆ ನೀರು ಸಾಲಲ್ಲ. ನೀವೂ ಲೋಟ ಲೋಟ ಚೆಲ್ಲಿದ್ರೆ ನಿಧಾನವಾಗಿ ಕಟ್ಕೊಳ್ಳುತ್ತೆ. ಒಟ್ಟಿಗೆ ಚೆಲ್ಬೇಕು, ಬಿಸಿಯಾಗಿ."

"ಶನಿವಾರದ ಹಂಗೆ."

"ಶನಿವಾರದ ಹಂಗೆ," ಎಂದ. ಅದು ತನಗೇ ಹೊಳೆಯಬೇಕಿತ್ತು ಎನಿಸಿತು. "ಆದ್ರೆ ದಿನಾ."

ಅಕುಲಿನಾ ಸೆರಗಿನಂತೆ ಹೆಗಲ ಮೇಲೆ ಎಳೆದುಕೊಂಡಿದ್ದ ಶಾಲು ಬಿಗಿದುಕೊಂಡಳು. "ನಿಮ್ಮನೇದು ನೀನು ಮುಚ್ಚು. ಉಳಿದಿದ್ದು ನನ್ನ ಕೈಗೆ ಕೊಟ್ಟು ಹೋಗಿರೋದು, ನಾನು ಮುಚ್ತೀನಿ."

ಅವನು ಆರನೇ ಮನೆಯ ನಲ್ಲಿ ತಿರುಗಿಸಿದ. ಎಳೆ ಹನಿಯಾಯಿತು, ಹನಿ ನಿಂತಿತು. ಆಕೆ ಪಕ್ಕದ ಮನೆಗಳಲ್ಲಿ ಒಂದೊಂದಾಗಿ ಮುಚ್ಚುತ್ತಾ ಹೋದದ್ದು ಬಾಗಿಲುಗಳ ಸದ್ದಿನಿಂದ ತಿಳಿಯುತ್ತಿತ್ತು. ಖಾರ್ಚೆಂಕೊ ಮನೆಯಲ್ಲಿ ಮಾತ್ರ ತಡವಾಯಿತು. ಅವನು ಹೋಗಿ ನೋಡಲಿಲ್ಲ.

ಸೋಮವಾರದವರೆಗೆ ಕಾಯದೆ ಅವನು ಅಂದೇ ಮಧ್ಯಾಹ್ನ ಕಚೇರಿಗೆ ಹೋದ. ತಮಾರಾ ಲ್ವೋವ್ನಾ ಪೂರ್ತಿ ಕೇಳಿಸಿಕೊಂಡಳು.

"ಯಾರು ಬಿಟ್ಟಿದ್ದು ನಲ್ಲಿ?"

"ಹಳೇ ರೂಢಿ. ಊರಲ್ಲಿ ಎಲ್ರಿಗೂ ಇರೋದೇ."

"ಎಲ್ರಿಗೂ ಏನಿಲ್ಲ..." ಎಂದವಳು ಅರ್ಧಕ್ಕೆ ನಿಲ್ಲಿಸಿ ಕಿಟಕಿಯ ಕಡೆ ನೋಡಿದಳು. "ಬೆಳಿಗ್ಗೆ ನಾನೂ ಬಿಟ್ಟು ಬಂದಿದ್ದೀನಿ. ನಮ್ಮಮ್ಮ ಬಿಡ್ತಿದ್ರು."

"ಕಲ್ಲುಮನೇಲಿ ಪರವಾಗಿಲ್ಲ. ಅಲ್ಲಿ ಜನ ಇದ್ದಾರೆ."

"ಸರಿ. ಮನೆ ಇರ್ಲಿ. ಆದ್ರೆ ನಾಲ್ಕನೇ ಸಲ ನನ್ನ ಫೋನ್ ಬಡ್ಕೊಂಡ್ರೆ ಮಾತಿಲ್ಲ, ಗೊತ್ತಾಯ್ತಾ?"

ಮರುದಿನ ಶನಿವಾರ. ಸಂಜೆ ಆರಕ್ಕೆ ಪ್ರೊಕೋಪಿ ತಿರುವಿನ ಹತ್ತಿರ ಹಲಗೆ ಎಬ್ಬಿಸಿ, ಹಿಂದಿನ ದಿನ ತುಂಬಿದ ಹೊಸ ಹೊಟ್ಟು ಸರಿಸಿ, ಪೈಪಿನ ಮೇಲೆ ಬರಿಗೈ ಇಟ್ಟುಕೊಂಡು ಕೂತಿದ್ದ. ರಜೆಯಾದರೂ ರಿನಾತ್ ಬಂದಿದ್ದ. ಲಾರಿ ತಂದಿರಲಿಲ್ಲ, ಕಾಲ್ನಡಿಗೆಯಲ್ಲಿ ಬಂದಿದ್ದ.

"ಎಂಥಾ ಕಾಲ ಬಂತು ನೋಡು," ಎಂದ. "ಶನಿವಾರ ಸಂಜೆ ಜನ ಸಂಗೀತ ಕೇಳ್ತಾರೆ. ನಾವು ಅಕ್ಕಪಕ್ಕದವ್ರ ಸ್ನಾನ ಕೇಳ್ತಾ ಕೂತಿದ್ದೀವಿ."

"ಸುಮ್ನಿರೋ."

ಮೂರು ಮನೆಯಲ್ಲೂ ಸ್ನಾನದ ತೊಟ್ಟಿ ಅಂಚಿನವರೆಗೆ ಬಿಸಿನೀರಿನಿಂದ ತುಂಬಿತ್ತು. ಸ್ನಾನ ಮುಗಿದು, ತೊಟ್ಟಿಗಳಿಗೆ ಮತ್ತೊಮ್ಮೆ ಬಿಸಿನೀರು ಬಿಟ್ಟು ಎಲ್ಲರೂ ಕಾಯುತ್ತಿದ್ದರು. ಮೂರನೇ ಮನೆಯ ಕಿಟಕಿಯ ಮೇಲಿನ ಸಣ್ಣ ಗಾಳಿಬಾಗಿಲು ತೆರೆದು, ತಲೆಗೆ ಟವೆಲು ಸುತ್ತಿದ್ದ ಅಕುಲಿನಾ ಒಳಗಿನವರಿಗೆ ಕೇಳುವಂತೆ ಕೂಗಿದಳು. "ಎಳೀರಿ!"

ಒಮ್ಮೆಗೇ ಮೂರು ಬಿರಡೆ. ಮೊದಲು ಮನೆಯ ಬುಡದಲ್ಲಿ ಗುಡುಗುಡು ಎಂದಿತು, ಆಮೇಲೆ ಪೆಟ್ಟಿಗೆಯ ಉದ್ದಕ್ಕೂ ಆ ಸದ್ದು ಓಡಿ ಬಂತು. ಪ್ರೊಕೋಪಿಯ ಅಂಗೈಯಡಿ ಕಬ್ಬಿಣ ನಡುಗಿತು, ಮರುಕ್ಷಣ ಬೆಚ್ಚಗಾಯಿತು. ಅವನು ಕಿವಿ ಹತ್ತಿರ ತಂದ. ಕುಪ್ರಿಯಾನ್ ಮನೆಯದು ಮೊದಲು, ಭಾರವಾಗಿ. ತುಯಾರಾಳ ಮನೆಯದು ಅದರ ಬೆನ್ನಿಗೆ. ಅಕುಲಿನಾಳದು ಕೊನೆಗೆ, ಸಣ್ಣಗೆ, ಆದರೆ ಬಿಡದೆ. ಆ ಮೂರರ ನಂತರ ಇನ್ನೂ ಐದು ಬರಬೇಕು ಎನ್ನುವ ಹಾಗೆ ಅವನು ಕಿವಿ ತೆಗೆಯದೆ ಕಾದ. ಬರಲಿಲ್ಲ. ಹಿಂದೆ ಮಲಗುವ ಹೊತ್ತಿನವರೆಗೂ ನಡೆಯುತ್ತಿದ್ದ ಮಾತು ರಿನಾತ್‌ನ ಸಿಗರೇಟು ಮುಗಿಯುವಷ್ಟರಲ್ಲಿ ಮುಗಿದಿತ್ತು.

ಆದರೆ ಪೈಪು ಬಿಸಿಯಾಗಿತ್ತು. ಕೆಳಗೆ ಮ್ಯಾನ್‌ಹೋಲ್‌ನ ಮುಚ್ಚಳದ ಸುತ್ತ ತೆಳ್ಳನೆಯ ಹಬೆ ಎದ್ದು ದೀಪದ ಕಂಬದ ಬೆಳಕಿನಲ್ಲಿ ನಿಂತಿತ್ತು. ತುಯಾರಾಳ ಮಕ್ಕಳಿಬ್ಬರು ಒದ್ದೆ ಕೂದಲ ಮೇಲೆ ಟೋಪಿ ಎಳೆದುಕೊಂಡು ಅದರೊಳಗೆ ನುಗ್ಗಲು ಓಡಿ ಬಂದರು. ಅವರ ಹಿಂದೆಯೇ ತಾಯಿಯ ಬೈಗುಳವೂ ಓಡಿ ಬಂತು.

"ಬಂತೇನೋ, ಪ್ರೊಷ್ಕಾ?" ಅಕುಲಿನಾ ಗಾಳಿಬಾಗಿಲಿನಿಂದ ಕೇಳಿದಳು.

"ಬಂತು, ಚಿಕ್ಕಮ್ಮ!"

"ಹಂಗಾದ್ರೆ ಹಲಗೆ ಮುಚ್ಚು, ಬಿಸಿ ಹೋಗುತ್ತೆ. ನಾಳೇನೂ ಇದೇ ಹೊತ್ತಿಗೆ," ಎಂದು ಹೇಳಿ ಆಕೆ ಬಾಗಿಲು ಎಳೆದುಕೊಂಡಳು.